ಲಾ ಬೊಹೆಮ್ ತೋರಿಸುವಾಗ ಕನ್ನಡ ಸಬ್‌ಟೈಟಲ್ ಹೇಗೆ ಹಾಕುವುದು?

ಕಿಟಕಿಸೀಟು:
ಪುಚ್ಚೀನಿಯ ‘ಲಾ ಬೊಹೆಮ್’ ಒಪೆರಾವನ್ನು ನಮ್ಮ ಸಂಘದ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಬೇಕೆಂದಿದ್ದೇವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸಂಸ್ಥೆಯ 1982ರ ಪ್ರಸಾರದ ಡಿವಿಡಿ, ಸ್ಟ್ರಾಟಾಸ್, ಕರೇರಾಸ್ ಹಾಡಿದ್ದು. ಬರುವವರಲ್ಲಿ ಹೆಚ್ಚಿನವರಿಗೆ ಒಪೆರಾನೇ ಹೊಸದು. ಡಿವಿಡಿಯಲ್ಲಿರುವ ಇಂಗ್ಲಿಷ್ ಸಾಲುಗಳನ್ನೇ ಕನ್ನಡಕ್ಕೆ ತಂದರೆ ನಡೆಯುತ್ತದೆಯೇ? ಒಂದು ಸಲಕ್ಕೆ ಎಷ್ಟು ಬರೆಯಬೇಕು? ಇನ್ನೊಂದು ತೊಂದರೆ, ಟಿವಿಯಲ್ಲಿ ಹಾಕಿ ನೋಡಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

ಮಂದ್ರಸ್ಥಾಯಿ:
ಇಂಗ್ಲಿಷ್ ಸಾಲುಗಳನ್ನು ಮುಟ್ಟಬೇಡಿ, ಅವುಗಳ ಹಕ್ಕು ಬೇರೆಯವರದು. ಇಟಾಲಿಯನ್ ಮೂಲದಿಂದಲೇ ಮಾಡಿ. ಮಾತು ಬರೆದ ಜಕೋಸಾ 1906ರಲ್ಲಿ, ಇಲ್ಲಿಕಾ 1919ರಲ್ಲಿ, ಸಂಗೀತ ಕೊಟ್ಟ ಪುಚ್ಚೀನಿ 1924ರಲ್ಲಿ ತೀರಿಕೊಂಡವರು. ಸತ್ತ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕೊಡುವ 60 ವರ್ಷ ಎಂದೋ ಮುಗಿದಿದೆ. ಆದರೆ ಆ ಚಿತ್ರೀಕರಣಕ್ಕೆ ಹಕ್ಕು ಇನ್ನೂ ಇದೆ. ಮನೆಯಲ್ಲಿ ನೋಡಲೆಂದು ಮಾರಿದ ಡಿವಿಡಿಯನ್ನು ಸಭೆಗೆ ತೋರಿಸಲು, ಟಿಕೆಟ್ ಇರಲಿ ಇಲ್ಲದಿರಲಿ, ಪ್ರಕಾಶಕರಿಂದ ಲಿಖಿತ ಅನುಮತಿ ತರಿಸಿಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ಪರದೆಹಿಂದೆ:
ಡಿವಿಡಿಯ ಒಳಗೆ ಸಾಲು ಕೂರಿಸುವ ಗೊಡವೆಗೇ ಹೋಗಬೇಡಿ. ಒಪೆರಾ ಮನೆಗಳಲ್ಲಿ ಮಾಡುವಂತೆ ಮಾಡಿ: ಡಿವಿಡಿಯ ಸಬ್‌ಟೈಟಲ್ ಆಫ್, ಪರದೆಯ ಕೆಳಗೆ ಎರಡನೇ ಪ್ರೊಜೆಕ್ಟರಿನಿಂದ ಕಪ್ಪು ಹಿನ್ನೆಲೆಯ ಸ್ಲೈಡುಗಳು. ಹಾಡು–ಪಿಯಾನೋ ಸ್ಕೋರ್ (ಸ್ವರಲಿಪಿಯ ಪುಸ್ತಕ) ಓದಬಲ್ಲ ಒಬ್ಬರು ಗುರುತು ಹಾಕಿದ ಜಾಗ ಬಂದಾಗ ಬಟನ್ ಒತ್ತುತ್ತಾರೆ. ಸ್ಲೈಡುಗಳನ್ನು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿ, ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ನಿಮ್ಮ ಟಿವಿಯ ಪ್ಲೇಯರಿಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ, ಅಷ್ಟೇ. ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ಎರಡೇ ಸಾಲು, ಸಾಲಿಗೆ ಇಪ್ಪತ್ತು ಚಿಲ್ಲರೆ ಅಕ್ಷರ. ಎರಡು ಸೆಕೆಂಡಿಗಿಂತ ಕಡಿಮೆ ನಿಲ್ಲುವ ಸ್ಲೈಡ್ ಬೇಡ. ಹಾಡುಗಾರ ಒಂದೇ ಮಾತನ್ನು ನಾಲ್ಕು ಸಲ ಹಾಡಿದರೆ ಒಮ್ಮೆ ತೋರಿಸಿ, ಕಪ್ಪು ಸ್ಲೈಡ್‌ಗೆ ಹೋಗಿ.

ಹೆಚ್ಚಾಗಿ ಕೆಡುವುದು ಎಲ್ಲಿ ಗೊತ್ತೇ? ಸಾಲು ಹಾಡಿಗಿಂತ ಮುಂದೆ ಓಡುವುದರಲ್ಲಿ. ಮೊದಲ ಅಂಕದಲ್ಲಿ ದೀಪ ಆರಿದೆ, ಕವಿ ರೊಡೊಲ್ಫೊ, ನೆರೆಮನೆಯ ಮಿಮಿ ಇಬ್ಬರೂ ನೆಲ ತಡಕುತ್ತಾ ಅವಳ ಬೀಗದಕೈ ಹುಡುಕುತ್ತಿದ್ದಾರೆ. ರೊಡೊಲ್ಫೊ ಕೈಗೆ ಅದು ಸಿಗುತ್ತದೆ, “ಆ!” ಅನ್ನುತ್ತಾನೆ. “ಸಿಕ್ತಾ?” ಎಂದು ಮಿಮಿ. “ಇಲ್ಲ” ಅಂದವನು ಕೀಯನ್ನು ಜೇಬಿಗೆ ಇಳಿಸುತ್ತಾನೆ. ಪ್ರಶ್ನೆ, ಉತ್ತರ ಎರಡನ್ನೂ ಒಂದೇ ಸ್ಲೈಡಿನಲ್ಲಿ ಹಾಕಿದರೆ ಅವನು ಬಾಯಿ ತೆರೆಯುವ ಮೊದಲೇ ಜನ ನಕ್ಕಿರುತ್ತಾರೆ. “ಇಲ್ಲ”ಕ್ಕೆ ಬೇರೆ ಸ್ಲೈಡ್.

ಆ ಅಂಕದಲ್ಲಿ ಮೊದಮೊದಲು ಇಬ್ಬರೂ ಬಹುವಚನದಲ್ಲೇ ಮಾತಾಡಲಿ. ಕೊನೆಯ ಯುಗಳಗೀತೆಯಲ್ಲಿ ರೊಡೊಲ್ಫೊ ‘ನೀನು’ ಅನ್ನಲಿ. ಇಟಾಲಿಯನ್ನಿನಲ್ಲೂ ಹಾಗೇ ಇದೆ.

ಎರಡನೇ ಅಂಕದ ಜಾತ್ರೆಗದ್ದಲವನ್ನೆಲ್ಲ ಬರೆಯಹೋದರೆ ಕೆಟ್ಟಿರಿ. ಮೂರನೆಯದರಲ್ಲಿ ಮಿಮಿ–ರೊಡೊಲ್ಫೊ ಬೀಳ್ಕೊಡುತ್ತಿರುವಾಗಲೇ ಚಿತ್ರಕಾರ ಮಾರ್ಚೆಲ್ಲೊಗೂ ಅವನ ಪ್ರೇಯಸಿ ಮುಸೆಟ್ಟಾಗೂ ಜಗಳ. ಬೀಳ್ಕೊಡುಗೆಯ ಮಾತು ಪೂರ್ತಿ ಬರಲಿ, ಜಗಳದ ಮೊದಲೆರಡು ಮಾತು ಮತ್ತು ಕೊನೆಯ ಬೈಗುಳ ಸಾಕು: “ಅಂಗಡಿ ಬೋರ್ಡು ಬರೆಯೋನೇ!” “ಹಾವು!” “ಕಪ್ಪೆ!” “ಮಾಟಗಾತಿ!”

ಮಂದ್ರಸ್ಥಾಯಿ:
ಕೊನೆಯ ಅಂಕದ ಬಗ್ಗೆಯೂ ಒಂದು ಮಾತು. ಮಿಮಿ ತೀರಿಕೊಂಡದ್ದು ಮೊದಲು ಕಾಣುವುದು ರೊಡೊಲ್ಫೊನ ಸಂಗೀತಗಾರ ಗೆಳೆಯ ಶೋನಾರ್‌ನಿಗೆ. ಅವನು ಮಾರ್ಚೆಲ್ಲೊಗೆ ಪಿಸುಗುಟ್ಟುವ ಸಾಲನ್ನು ಬಿಟ್ಟುಬಿಡಿ. ವಾದ್ಯಗಳೇ ಹೇಳಿಬಿಟ್ಟಿರುತ್ತವೆ.

ಪರದೆಹಿಂದೆ:
ಇಲ್ಲ, ಒಪ್ಪುವುದಿಲ್ಲ. ಒಪೆರಾ ಹೊಸದಾಗಿ ನೋಡುವವರಿಗೆ ಆ ಸಾಲು ಬೇಕೇಬೇಕು. ರೊಡೊಲ್ಫೊ ಆಗ ಅವಳ ಮುಖಕ್ಕೆ ಬಿಸಿಲು ಬೀಳದಿರಲೆಂದು ಕಿಟಕಿಗೆ ಮುಸೆಟ್ಟಾಳ ಮೇಲಂಗಿ ಕಟ್ಟುತ್ತಿದ್ದಾನೆ, ಅವನಿಗೆ ಏನೂ ಗೊತ್ತಿಲ್ಲ. ನಮಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲ ಅನ್ನುವುದರ ಮೇಲೇ ಆ ದೃಶ್ಯ ನಿಂತಿದೆ. “ಹೋಗಿಬಿಟ್ಟಳು” ಎಂದು ಒಂದೇ ಪದ ಹಾಕಿ, ಎರಡು ಸೆಕೆಂಡಿಗೆ ತೆಗೆಯಿರಿ. ಅವನು ಕೊನೆಗೆ “ಮಿಮಿ!” ಎಂದು ಕೂಗುವುದಕ್ಕೆ ಮಾತ್ರ ಸ್ಲೈಡ್ ಬೇಡ.

ತಂತಿಜೋಡಣೆ:
ಸೌಂಡಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಡಿವಿಡಿಯಲ್ಲಿ 5.1 (ಆರು ಚಾನೆಲ್ಲಿನ ದನಿ) ಇದ್ದರೂ ಸ್ಟೀರಿಯೋ ಟ್ರ್ಯಾಕ್ ಆರಿಸಿ. 5.1ರಲ್ಲಿ ಎಡ–ಬಲ ಮಾತ್ರ ಮಿಕ್ಸರಿಗೆ ಎಳೆದರೆ ನಡುವಿನ ಚಾನೆಲ್ ಬಿಟ್ಟುಹೋಗಿ ಗಾಯಕರ ದನಿ ಸೊರಗುತ್ತದೆ. ದನಿಯ ಏರಿಳಿತ ತಗ್ಗಿಸುವ ‘ನೈಟ್ ಮೋಡ್’ ಆಫ್ ಇರಲಿ. ಎರಡನೇ ಅಂಕ ಟ್ರಂಪೆಟ್‌ಗಳಿಂದಲೇ ಶುರು, ಅಲ್ಲಿ ಸ್ಪೀಕರ್ ಒಡೆಯದಷ್ಟು ಇಡಿ. ಅದೇ ಮಟ್ಟದಲ್ಲಿ ಮೂರನೇ ಅಂಕದ ಆರಂಭ, ಕೊಳಲು–ಹಾರ್ಪ್‌ನ ಹಿಮದ ಸದ್ದು, ಹಾಲ್‌ನ ಕೊನೇ ಸಾಲಿಗೆ ಕೇಳಿಸುತ್ತದೆಯೇ ನೋಡಿ. ಕೇಳದಿದ್ದರೆ ವಾಲ್ಯೂಮ್ ಏರಿಸಬೇಡಿ, ಫ್ಯಾನ್ ನಿಲ್ಲಿಸಿ.

ಪ್ರೊಜೆಕ್ಟರ್ ಚಿತ್ರವನ್ನು ತುಸು ತಡವಾಗಿ ಕೊಡುತ್ತದೆ, ತುಟಿಗೂ ದನಿಗೂ ಹೊಂದುವುದಿಲ್ಲ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ‘ಕೆ’ ಒತ್ತಿದಷ್ಟು ಸಲ ದನಿ 50 ಮಿಲಿಸೆಕೆಂಡ್ ತಡವಾಗುತ್ತದೆ, ‘ಜೆ’ ಒತ್ತಿದರೆ ಅಷ್ಟೇ ಬೇಗ ಬರುತ್ತದೆ. ಮಧ್ಯಂತರ ಎರಡನೇ ಅಂಕದ ನಂತರ ಒಂದೇ ಸಾಕು, ಎರಡೂ ಕಡೆ ಹೆಚ್ಚುಕಡಿಮೆ 55 ನಿಮಿಷ ಬರುತ್ತದೆ.