ಕಿಲಿಮಂಜಾರೋ ಮೊದಲ ಸಲ ಹತ್ತುವವರು ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ಸರ್, ನಮಸ್ಕಾರ. ನನಗೆ 44, ನಮ್ಮ ಯಜಮಾನರಿಗೆ 51. ಎರಡು-ಮೂರು ದಿನದ ಚಾರಣ ಒಂದಷ್ಟು ಮಾಡಿದ್ದೇವೆ, ಆದರೆ 2000 ಮೀಟರಿಗಿಂತ ಮೇಲೆ ಯಾವತ್ತೂ ಹೋಗಿಲ್ಲ. ಕಿಲಿಮಂಜಾರೋ ಹತ್ತಬೇಕು ಅನ್ನೋದು ಬಹಳ ವರ್ಷದ ಆಸೆ. ಕಂಪನಿಯವರು ಕಳಿಸಿದ ಪಟ್ಟಿಯಲ್ಲಿ ಮರಾಂಗು, ಮಚಾಮೆ, ಲೆಮೋಶೋ, ರೊಂಗಾಯ್ ಅಂತ ನಾಲ್ಕು ದಾರಿ ಇವೆ. 5 ದಿನದ ಮರಾಂಗು ಎಲ್ಲಕ್ಕಿಂತ ಅಗ್ಗ. "ಸುಲಭದ ದಾರಿ, ಮಲಗಲು ಮರದ ಮನೆಗಳಿವೆ" ಅಂತಲೂ ಬರೆದಿದ್ದಾರೆ. ಅದನ್ನೇ ಬುಕ್ ಮಾಡಿಬಿಡೋಣವೇ?

ಉತ್ತರ: ಮೇಡಂ, ನಮಸ್ಕಾರ. ಆ 5 ದಿನದ್ದನ್ನು ಮಾತ್ರ ದಯವಿಟ್ಟು ಬುಕ್ ಮಾಡಬೇಡಿ. ಆ ಬೆಟ್ಟಕ್ಕೆ ನಾನು ಬಹಳ ತಂಡಗಳನ್ನು ಕರೆದುಕೊಂಡು ಹೋಗಿದ್ದೇನೆ. ತುದಿ ಕಾಣದೆ ಅಳುತ್ತಾ ಇಳಿದವರಲ್ಲಿ ಹೆಚ್ಚಿನವರಿಗೆ ಕಾಲು ಸೋತಿರಲಿಲ್ಲ, ದಿನ ಸಾಲದೆ ಹೋಗಿತ್ತು.

ನೀವು ನೋಡಬೇಕಾದದ್ದು ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನುವುದನ್ನು. ಮರಾಂಗು ಗೇಟ್ ಸುಮಾರು 1870 ಮೀಟರಿನಲ್ಲಿದೆ. ಮೊದಲ ರಾತ್ರಿ ಮಂದಾರಾದಲ್ಲಿ 2720, ಎರಡನೇ ರಾತ್ರಿ ಹೊರೊಂಬೋದಲ್ಲಿ 3720, ಮೂರನೆಯದು ಕಿಬೋ ಹಟ್‌ನಲ್ಲಿ 4720. ಅದೇ ರಾತ್ರಿ 12ರ ಹೊತ್ತಿಗೆ ಎಬ್ಬಿಸಿ 5895 ಮೀಟರಿನ ಉಹುರು ತುದಿಯ ಕಡೆ ಹೊರಡಿಸುತ್ತಾರೆ. ಅಂದರೆ ಮಂದಾರಾ ಬಿಟ್ಟ ಮೇಲೆ ದಿನಕ್ಕೆ ಸಾವಿರ ಮೀಟರ್. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎನ್ನುವುದು ಪರ್ವತ ವೈದ್ಯರ ಸಲಹೆ. ನಿಜ ಹೇಳಬೇಕೆಂದರೆ ಕಿಲಿಮಂಜಾರೋದ ಯಾವ ದಾರಿಯೂ ಇದನ್ನು ಪೂರ್ತಿ ಪಾಲಿಸುವುದಿಲ್ಲ. ಆದರೆ 5 ದಿನದ್ದು ಅದರ ಹತ್ತಿರಕ್ಕೂ ಬರುವುದಿಲ್ಲ.

ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಉಸಿರೊಂದಕ್ಕೆ ಸಿಗುವ ಆಮ್ಲಜನಕವೂ ಸುಮಾರು ಅರ್ಧವೇ. ಇದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು, ಅವಸರ ಮಾಡಿದರೆ ಅದು ಕೇಳುವುದಿಲ್ಲ.

ಮರಾಂಗುಗೆ 'ಕೋಕಾ ಕೋಲಾ ದಾರಿ' ಅಂತ ಅಡ್ಡಹೆಸರಿದೆ. ಕಾಲುದಾರಿ ನಯವಾಗಿದೆ, ಏರು ಮೃದು, ಅದೆಲ್ಲ ಸರಿ. ಹಾಗಂತ ಗಾಳಿಯೇನೂ ದಪ್ಪವಾಗುವುದಿಲ್ಲ. ಅಗ್ಗವಾಗಿರುವುದಕ್ಕೂ ಕಾರಣವಿದೆ: ರಾಷ್ಟ್ರೀಯ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ ಬೀಳುತ್ತದೆ. ಒಂದು ದಿನ ಕಡಿಮೆ ಮಾಡಿದರೆ ಅಷ್ಟು ಹಣ ಉಳಿಯುತ್ತದೆ.

ನಿಮ್ಮ ವಿವರ ನೋಡಿದರೆ ನಾನು ಹೇಳುವುದು 8 ದಿನದ ಲೆಮೋಶೋ. ಪಶ್ಚಿಮದ ಕಾಡಿನಿಂದ ಶುರುವಾಗಿ ಶಿರಾ ಪ್ರಸ್ಥಭೂಮಿಯನ್ನು ನಿಧಾನಕ್ಕೆ ದಾಟಿ ಮಚಾಮೆ ದಾರಿಗೆ ಕೂಡುತ್ತದೆ. ಅಷ್ಟು ರಜೆ ಇಲ್ಲದಿದ್ದರೆ 7 ದಿನದ ಮಚಾಮೆ. ಮಚಾಮೆಯಲ್ಲೂ 6 ದಿನದ್ದು ಬೇಡ, ಅದರಲ್ಲಿ ಕೊನೆಯ ಕ್ಯಾಂಪಿಗೆ ಮೊದಲು ಸಿಗುವ ಕರಂಗಾ ಕ್ಯಾಂಪಿನ ರಾತ್ರಿಯನ್ನೇ ಕಿತ್ತು ಹಾಕಿರುತ್ತಾರೆ.

ಈ ಎರಡು ದಾರಿಗಳ ದೊಡ್ಡ ಗುಣ ಲಾವಾ ಟವರ್ ದಿನ. ಬೆಳಗ್ಗೆ ಶಿರಾದಿಂದ ಹೊರಟು ಮಧ್ಯಾಹ್ನಕ್ಕೆ ಸುಮಾರು 4600 ಮೀಟರ್ ತಲುಪಿ, ಆ ಕಪ್ಪು ಬಂಡೆಯ ಬುಡದಲ್ಲಿ ಊಟಕ್ಕೆ ಕೂರುತ್ತೇವೆ. ಅರ್ಧ ಜನ ತಟ್ಟೆ ಮುಟ್ಟುವುದಿಲ್ಲ, ಹಣೆ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾರೆ. ಊಟದ ಮೇಲೆ ಬರಾಂಕೋ ಕಣಿವೆಗೆ ಇಳಿಜಾರು. ಆಳೆತ್ತರಕ್ಕಿಂತ ಎತ್ತರ ಬೆಳೆದ ಸೆನೇಸಿಯೋ ಗಿಡಗಳ ನಡುವೆ ನೀರಿನ ಸದ್ದು ಕೇಳಿಸುವ ಹೊತ್ತಿಗೆ ಅದೇ ಜನ ಮಾತಾಡಲು ಶುರು ಮಾಡಿರುತ್ತಾರೆ. ರಾತ್ರಿ ಮಲಗುವುದು 3950ರ ಆಸುಪಾಸಿನಲ್ಲಿ. ಹಗಲು ಮೇಲೆ ಹತ್ತಿ ರಾತ್ರಿ ಕೆಳಗೆ ಮಲಗುವುದು ಅಂದರೆ ಇದೇ. ನೇರ ಏರುವ ದಾರಿಗಳಲ್ಲಿ ಇಂಥ ದಿನ ತಾನಾಗಿ ಸಿಗುವುದಿಲ್ಲ.

ಪ್ರಶ್ನೆ: ತುಂಬಾ ಧನ್ಯವಾದ ಸರ್. ಮೊದಲೇ ಹೇಳಬೇಕಿತ್ತು: ನಮ್ಮ ಯಜಮಾನರಿಗೆ ಇಳಿಯುವಾಗ ಬಲ ಮಂಡಿ ನೋಯುತ್ತದೆ. ಕಡಿದಾದ ಅಂಚಿನಲ್ಲಿ ನಿಂತರೆ ತಲೆ ಸುತ್ತುತ್ತದೆ ಅಂತಾರೆ. ಆದರೂ ಲೆಮೋಶೋನೇ ಸರಿಯೇ?

ಉತ್ತರ: ಹೇಳಿದ್ದು ಒಳ್ಳೆಯದಾಯಿತು ಮೇಡಂ, ಇದರಿಂದ ನನ್ನ ಉತ್ತರವೇ ಬದಲಾಗುತ್ತದೆ.

ಲೆಮೋಶೋ, ಮಚಾಮೆ ಎರಡರಲ್ಲೂ ಬರಾಂಕೋ ಕ್ಯಾಂಪಿನ ಮರುದಿನ ಬರಾಂಕೋ ಗೋಡೆ ಹತ್ತಬೇಕು. ಸುಮಾರು 250 ಮೀಟರ್. ಹಗ್ಗ ಬೇಕಿಲ್ಲ, ಆದರೆ ಕೈ ಊರಬೇಕು. ಒಂದೆರಡು ಕಡೆ ಎದೆಯನ್ನು ಬಂಡೆಗೆ ಒತ್ತಿಕೊಂಡೇ ಹೆಜ್ಜೆ ದಾಟಿಸಬೇಕು. ಎತ್ತರದ ಭಯ ಇಲ್ಲದವರು ಅದನ್ನು ಇಡೀ ಪಯಣದಲ್ಲೇ ಖುಷಿಯ ಬೆಳಗು ಅನ್ನುತ್ತಾರೆ. ಭಯ ಇರುವವರು ಹಿಂದಿನ ರಾತ್ರಿಯಿಡೀ ಟೆಂಟಿನಿಂದ ಆ ಗೋಡೆಯನ್ನೇ ನೋಡುತ್ತಾ ನಿದ್ದೆಗೆಡುತ್ತಾರೆ.

ಮಂಡಿಯ ಮಾತು ಇನ್ನೂ ಮುಖ್ಯ. ಆ ದಾರಿಗಳಲ್ಲಿ ಇಳಿಯುವುದು ಮ್ವೇಕಾ ಕಡೆಗೆ. ತುದಿ ಮುಟ್ಟಿದ ದಿನವೇ 5895ರಿಂದ ಸುಮಾರು 3100ಕ್ಕೆ ಬರಬೇಕು. ಹತ್ತಿರ ಹತ್ತಿರ 2800 ಮೀಟರ್ ಇಳಿತ, ಅದೂ ರಾತ್ರಿಯಿಡೀ ಹತ್ತಿ ಸುಸ್ತಾದ ಕಾಲಿನಲ್ಲಿ. ಹತ್ತುವಾಗ ಹುಷಾರಾಗಿದ್ದವರು ಮ್ವೇಕಾದ ಮೆಟ್ಟಿಲುಗಳಲ್ಲಿ ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಇಳಿದದ್ದನ್ನು ನೋಡಿದ್ದೇನೆ.

ಅದಕ್ಕೇ ನಿಮ್ಮಿಬ್ಬರಿಗೆ 7 ದಿನದ ರೊಂಗಾಯ್ ಹೇಳುತ್ತೇನೆ. ಇದು ಕೀನ್ಯಾ ಗಡಿಯ ಹತ್ತಿರ, ಉತ್ತರದ ಕಡೆಯಿಂದ ಹತ್ತುವ ದಾರಿ. ಮಳೆ ಕಡಿಮೆ, ಜನರೂ ಕಡಿಮೆ, ಗೋಡೆ ಹತ್ತುವ ಕೆಲಸವಿಲ್ಲ. ತುದಿಯಿಂದ ಇಳಿಯುವುದು ಮರಾಂಗು ದಾರಿಯಲ್ಲಿ. ಆ ದಿನ ಹೊರೊಂಬೋದಲ್ಲೇ, ಅಂದರೆ 3720ರಲ್ಲೇ ನಿಲ್ಲುತ್ತೀರಿ. ಒಂದೇ ದಿನದಲ್ಲಿ ಮಂಡಿಗೆ ಬೀಳುವ ಇಳಿತ 600 ಮೀಟರಿನಷ್ಟು ಕಡಿಮೆಯಾಯಿತು.

ರೊಂಗಾಯ್‌ಗೂ ಒಂದು ಕೊರತೆಯಿದೆ. ಮೊದಲ ರಾತ್ರಿ 2600, ಎರಡನೆಯದು ಕಿಕೆಲೆವಾದಲ್ಲಿ 3600. ಆ ಜಿಗಿತ ದೊಡ್ಡದು. ಅದನ್ನು ಸರಿದೂಗಿಸುವುದು ಸುಮಾರು 4300 ಮೀಟರಿನ ಮಾವೆಂಜಿ ಟಾರ್ನ್ ಕ್ಯಾಂಪ್. ಅಲ್ಲಿ ಎರಡು ರಾತ್ರಿ ಇರಲೇಬೇಕು. ನಡುವಿನ ಹಗಲು ಪಕ್ಕದ ಬೆಟ್ಟದ ಏಣಿನ ಮೇಲೆ ಸ್ವಲ್ಪ ಹತ್ತಿ ಇಳಿದರೆ ಲಾವಾ ಟವರ್‌ನ ಕೆಲಸ ಬಹುಪಾಲು ಆಗುತ್ತದೆ. ಒಂದೇ ರಾತ್ರಿ ಇರುವ 6 ದಿನದ ರೊಂಗಾಯ್ ಬೇಡ. ಕಂಪನಿಯವರನ್ನು ಪ್ರತಿ ರಾತ್ರಿಯ ಕ್ಯಾಂಪಿನ ಹೆಸರು, ಎತ್ತರ ಎರಡನ್ನೂ ಬರೆದು ಕಳಿಸಿ ಅಂತ ಕೇಳಿ. ಕಳಿಸಲು ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡಿ.

ಯಜಮಾನರು ಮೂಳೆ ವೈದ್ಯರಿಗೆ ಒಮ್ಮೆ ತೋರಿಸಲಿ. ಎರಡು ಟ್ರೆಕ್ಕಿಂಗ್ ಪೋಲ್ ಇಟ್ಟುಕೊಂಡು ಇಳಿಯುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಲಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಅಣ್ಣಾ, ನಂಗೆ 26. ದಿನಾ 10 ಕಿ.ಮೀ. ಓಡ್ತೀನಿ, ಹಾಫ್ ಮ್ಯಾರಥಾನೂ ಮಾಡಿದೀನಿ. ನನಗೂ 7-8 ದಿನ ಬೇಕಾ? 5 ದಿನದ ಮರಾಂಗು, ಇಲ್ಲಾಂದ್ರೆ ಉಂಬ್ವೆ ಅನ್ನೋ ಇನ್ನೊಂದು ದಾರಿ ಮಾಡಿದ್ರೆ ಆಗಲ್ವಾ?

ಉತ್ತರ: ತಮ್ಮಾ, ಬೇಕು. ಓಟದಿಂದ ಕಾಲಿಗೂ ಹೃದಯಕ್ಕೂ ಬಲ ಬರುತ್ತೆ, ಆದರೆ ಎತ್ತರದ ಕಾಯಿಲೆಯಿಂದ ಅದು ಕಾಪಾಡಲ್ಲ. ಬಲ ಇದ್ದವರು ಬೇಗ ಬೇಗ ನಡೆದು ಬೇಗ ಮೇಲೆ ಹೋಗಿಬಿಡ್ತಾರೆ, ಪೆಟ್ಟು ಬೀಳೋದು ಅಲ್ಲೇ. ಅಲ್ಲಿನ ಗೈಡ್‌ಗಳು ದಿನಕ್ಕೆ ನೂರು ಸಲ "ಪೋಲೆ ಪೋಲೆ" ಅಂತಾರೆ. ಸ್ವಾಹಿಲಿಯಲ್ಲಿ ಮೆಲ್ಲಗೆ ಮೆಲ್ಲಗೆ ಅಂತ. ಮುಂದಿರೋ ಗೈಡಿನ ಹಿಮ್ಮಡಿ ನೋಡ್ಕೊಂಡು, ಅವರ ಹೆಜ್ಜೆ ಎದ್ದ ಮೇಲೆ ನಿನ್ನ ಹೆಜ್ಜೆ ಇಡು.

ಒಂದು ಸಂಗತಿ ಹೇಳ್ತೀನಿ. ನಿನ್ನ ವಯಸ್ಸಿನವನೇ ಒಬ್ಬ ನನ್ನ ತಂಡದಲ್ಲಿದ್ದ, ಎಲ್ಲರಿಗಿಂತ ಮುಂದೆ ನಡೀತಿದ್ದ. ತುದಿಗೆ ಹೊರಡೋ ಮೊದಲಿನ ಕೊನೆಯ ಕ್ಯಾಂಪ್ ಬರಾಫುನಲ್ಲಿ ಸಂಜೆ ಶೂ ಲೇಸ್ ಕಟ್ಟೋಕೆ ಬಹಳ ಹೊತ್ತು ತಗೊಂಡ, ಕೇಳಿದ್ರೆ ನಕ್ಕ. ನಾನು ಕೋಲಿನಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಅದರ ಮೇಲೆ ನಡಿ ಅಂದೆ. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ಮೆದುಳು ಊದಿಕೊಳ್ಳೋಕೆ ಶುರುವಾದಾಗ ಕಾಣೋ ಲಕ್ಷಣ ಅದು. ಆ ಗಳಿಗೆಯಲ್ಲೇ ಇಬ್ಬರು ಗೈಡ್‌ಗಳ ಜೊತೆ ಕೆಳಗಿಳಿಸಿದೆವು. ಚೇತರಿಸಿಕೊಂಡ. ಬೆಳಗಿನವರೆಗೆ ನೋಡೋಣ ಅಂತ ಕೂತಿದ್ರೆ ಏನಾಗ್ತಿತ್ತೋ, ಈಗಲೂ ನೆನೆಸ್ಕೊಂಡ್ರೆ ಮೈ ನಡುಗುತ್ತೆ.

ಉಂಬ್ವೆ ಕಡಿದು, ದೇಹ ಒಗ್ಗೋದಕ್ಕೆ ಸಮಯವನ್ನೇ ಕೊಡಲ್ಲ. ವೆಸ್ಟರ್ನ್ ಬ್ರೀಚ್ ಅನ್ನೋ ಕಡಿದಾದ ಪಶ್ಚಿಮ ಮಗ್ಗುಲಿಂದ ತುದಿಗೆ ಹತ್ತಿಸ್ತೀವಿ ಅಂದ್ರೂ ಮೊದಲ ಸಲಕ್ಕೆ ಒಪ್ಕೋಬೇಡ. ಅಲ್ಲಿ ಕಲ್ಲು ಉರುಳುತ್ತೆ. 2006ರಲ್ಲಿ ಮೂವರು ಆರೋಹಿಗಳು ಅಲ್ಲೇ ಸತ್ತರು. ನೀನು 7 ದಿನದ ಮಚಾಮೆ ಮಾಡು, ಬರಾಂಕೋ ಗೋಡೆ ನಿನಗೆ ಖಂಡಿತ ಹಿಡಿಸುತ್ತೆ.

ಪ್ರಶ್ನೆ: ಸರ್, ಮನೆಯಲ್ಲಿ ಮಾತಾಡಿ ರೊಂಗಾಯ್ ಅಂತಲೇ ನಿರ್ಧಾರ ಮಾಡಿದೆವು. ಕೊನೆಯದಾಗಿ, ಯಾವ ತಿಂಗಳು ಒಳ್ಳೆಯದು? ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೇ?

ಉತ್ತರ: ಸಂತೋಷ ಮೇಡಂ. ಮಾರ್ಚ್ ಮಧ್ಯದಿಂದ ಮೇವರೆಗೆ ದೊಡ್ಡ ಮಳೆ, ನವೆಂಬರಿನಲ್ಲಿ ಸಣ್ಣ ಮಳೆ. ಅವೆರಡನ್ನು ಬಿಟ್ಟು ಜನವರಿ-ಫೆಬ್ರವರಿ, ಇಲ್ಲವೇ ಜೂನ್ ಕೊನೆಯಿಂದ ಅಕ್ಟೋಬರ್ ನೋಡಿ. ತುದಿಗೆ ಹೊರಡುವ ರಾತ್ರಿ ಹುಣ್ಣಿಮೆಯ ಆಸುಪಾಸಿಗೆ ಬರುವಂತೆ ಹೊಂದಿಸಿಕೊಂಡರೆ ಕಿಬೋ ಹಟ್‌ನಿಂದ ಜ್ವಾಲಾಮುಖಿ ಬಾಯಿಯ ಅಂಚಿನ ಗಿಲ್ಮನ್ಸ್ ಪಾಯಿಂಟ್‌ವರೆಗಿನ ಜಲ್ಲಿಕಲ್ಲಿನ ಏರು ಬೆಳದಿಂಗಳಲ್ಲಿ ಕಾಣುತ್ತದೆ. ಹೆಡ್‌ಲ್ಯಾಂಪ್ ಆಗಲೂ ಬೇಕು, ಅದರ ಇನ್ನೊಂದು ಜೊತೆ ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಿ. ತುದಿಯ ಹತ್ತಿರ ಚಳಿ ಸೊನ್ನೆಗಿಂತ 10-15 ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯ, ಬ್ಯಾಟರಿ ಬೇಗ ಸಾಯುತ್ತದೆ.

ಡಯಾಮಾಕ್ಸ್ ದೇಹ ಎತ್ತರಕ್ಕೆ ಬೇಗ ಒಗ್ಗಲು ನೆರವಾಗುತ್ತದೆ, ಆದರೆ ಎಲ್ಲರಿಗೂ ಆಗುವುದಿಲ್ಲ. ಸಲ್ಫಾ ಅಲರ್ಜಿ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಬೇರೆ ಮಾತ್ರೆ ನಡೆಯುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಿ, ಅವರು ಬರೆದುಕೊಟ್ಟಷ್ಟೇ ತೆಗೆದುಕೊಳ್ಳಿ. ಮಾತ್ರೆ ನುಂಗಿದ್ದೇವೆ ಅಂತ ಮಾವೆಂಜಿ ಟಾರ್ನ್‌ನ ಎರಡನೇ ರಾತ್ರಿಯನ್ನು ಮಾತ್ರ ಬಿಡಬೇಡಿ. ತಲೆನೋವಿನ ಜೊತೆ ವಾಂತಿ ಬಂದರೆ ಗೈಡ್‌ಗೆ ತಕ್ಷಣ ಹೇಳಬೇಕು ಅಂತ ಯಜಮಾನರಿಗೂ ಈಗಲೇ ಹೇಳಿಡಿ. ಗಂಡಸರು ಬಹಳ ಜನ ಮುಚ್ಚಿಡುತ್ತಾರೆ. ಕಂಪನಿಯವರು ಕ್ಯಾಂಪುಗಳ ಪಟ್ಟಿ ಕಳಿಸಿದ ಮೇಲೆ ಇಲ್ಲೇ ಹಾಕಿ, ಹಣ ಕಟ್ಟುವ ಮೊದಲು ಒಮ್ಮೆ ನೋಡಿ ಹೇಳುತ್ತೇನೆ.