ಫಿಲಿಪ್ ಗ್ಲಾಸ್: ‘ಓಪನಿಂಗ್’ನಲ್ಲಿ ಮೂರಕ್ಕೆ ಎರಡು ಕೂರಿಸುವುದು ಹೇಗೆ? ಅವರ ಲಯ ನಮ್ಮ ಲೆಕ್ಕವೇನಾ?

ಶ್ರುತಿಪೆಟ್ಟಿಗೆ:
ಪಿಯಾನೋ ನಾಲ್ಕನೇ ಗ್ರೇಡ್ ಮುಗಿಸಿದವರಿಗೆ ಅಮೆರಿಕದ ಸಂಗೀತ ರಚನಕಾರ ಫಿಲಿಪ್ ಗ್ಲಾಸ್ ಅವರ ‘ಗ್ಲಾಸ್‌ವರ್ಕ್ಸ್’ ಆಲ್ಬಂನ ‘ಓಪನಿಂಗ್’ ಸುಲಭ ಅಂತಾರೆ. ಆದರೆ ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು ಬಂದಾಗ ಒಂದು ಕೈ ಇನ್ನೊಂದನ್ನು ಎಳೆದುಬಿಡುತ್ತೆ. ಹೇಗೆ ಸಾಧನೆ ಮಾಡಬೇಕು? ಇನ್ನೊಂದು ಪ್ರಶ್ನೆ: ಗ್ಲಾಸ್ ಅವರ ಲಯ ರವಿಶಂಕರ್ ಅವರಿಂದ ಬಂದದ್ದಂತೆ. ಅಂದರೆ ನಮ್ಮ ಕರ್ನಾಟಕ ಸಂಗೀತದ ಯತಿ (ಗುಂಪುಗಳು ಕ್ರಮವಾಗಿ ಹಿಗ್ಗುವ, ಕುಗ್ಗುವ ಜೋಡಣೆ), ಕೋರ್ವೆಗಳ (ತಾಳಕ್ಕೆ ಲೆಕ್ಕವಿಟ್ಟು ಕೂರಿಸುವ ಮುಕ್ತಾಯ) ಲೆಕ್ಕವೇ?

ಲಯಬಂಧು:
ಎರಡನೆಯದಕ್ಕೆ ಮೊದಲು ಉತ್ತರಿಸ್ತೀನಿ. ಗ್ಲಾಸ್ 1937ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದವರು. ಜೂಲಿಯಾರ್ಡ್ ಸಂಗೀತ ಶಾಲೆ ಮುಗಿಸಿ ಪ್ಯಾರಿಸ್‌ನಲ್ಲಿ ಶಿಕ್ಷಕಿ ನಾದಿಯಾ ಬೂಲಾಂಜೆ ಹತ್ತಿರ ಕಲಿಯುತ್ತಿದ್ದಾಗ, ಒಂದು ಚಿತ್ರಕ್ಕಾಗಿ ರವಿಶಂಕರ್ ಅವರ ಸಂಗೀತವನ್ನು ಫ್ರೆಂಚ್ ವಾದಕರಿಗೆ ಸ್ವರಲಿಪಿಯಲ್ಲಿ ಬರೆದುಕೊಡುವ ಕೆಲಸ ಸಿಕ್ಕಿತು. ಬಾರ್ ಗೆರೆ (ಸ್ವರಲಿಪಿಯನ್ನು ಖಂಡಗಳಾಗಿ ಬೇರ್ಪಡಿಸುವ ನೆಟ್ಟನೆ ಗೆರೆ) ಹಾಕಿದ ಕಡೆಯಲ್ಲೆಲ್ಲ ವಾದಕರು ಒತ್ತು ಕೊಡುತ್ತಿದ್ದರು. ತಬಲಾ ವಾದಕ ಅಲ್ಲಾ ರಖಾ ಒಪ್ಪಲಿಲ್ಲ, ಎಲ್ಲ ಸ್ವರವೂ ಸಮ ಎಂದರು. ಗೆರೆಗಳನ್ನು ಅಳಿಸಿದ ಮೇಲೆ ಉಳಿದದ್ದು ಎರಡು, ಮೂರರ ಗುಂಪುಗಳು. ಗ್ಲಾಸ್ ಹಿಡಿದದ್ದು ಅಷ್ಟನ್ನೇ.

ಅವರ 1968ರ ‘ಟೂ ಪೇಜಸ್’ ನೋಡಿ. ಬಳಸಿರುವುದು ಐದೇ ಸ್ವರ: ನಮ್ಮ ಲೆಕ್ಕದಲ್ಲಿ ಮಂದ್ರ ಪ, ಆಮೇಲೆ ಸ, ಚತುಶ್ರುತಿ ರಿ, ಸಾಧಾರಣ ಗ, ಶುದ್ಧ ಮ. ಮೊದಲು 5, ಆಮೇಲೆ 5+4, ಆಮೇಲೆ 5+4+3, 5+4+3+2. ಪ-ಸ-ರಿ-ಗ-ಮ, ಪ-ಸ-ರಿ-ಗ, ಪ-ಸ-ರಿ, ಪ-ಸ. ನೋಡಿದೊಡನೆ ಗೋಪುಚ್ಛ ಯತಿ (ಹಸುವಿನ ಬಾಲದಂತೆ ಕಿರಿದಾಗುತ್ತಾ ಹೋಗುವುದು) ಅನ್ನಿಸುತ್ತೆ. ಆದರೆ ನಮ್ಮಲ್ಲಿ ತಾಳ ಕದಲುವುದಿಲ್ಲ, ಯತಿ ಎಷ್ಟೇ ಕುಗ್ಗಲಿ, ಹಿಗ್ಗಲಿ, ಸಮಕ್ಕೋ (ಆವರ್ತನದ ಮೊದಲ ಪೆಟ್ಟು) ಎತ್ತುಗಡೆಗೋ (ಹಾಡು ಶುರುವಾಗುವ ಜಾಗ) ಬಂದು ಕೂರಲೇಬೇಕು. ಇಲ್ಲಿ ಅಳತೆಗೋಲಾಗಿ ನಿಲ್ಲುವ ಆವರ್ತನವೇ (ತಾಳದ ಒಂದು ಸುತ್ತು) ಇಲ್ಲ. 5, 9, 12, 14 ಎಂದು ಬಾರ್‌ನ ಉದ್ದವೇ ಬೆಳೆಯುತ್ತೆ. ಹಾಗಾಗಿ ಕೈಯಲ್ಲಿ ಆದಿತಾಳ ಹಾಕಿಕೊಂಡು ಇದನ್ನು ಕೇಳಬೇಡಿ, ದಾರಿ ತಪ್ಪುತ್ತೆ.

ಕರಿಮನೆ_ಬಿಳಿಮನೆ:
‘ಓಪನಿಂಗ್’ ಬಗ್ಗೆ. ಒಂದು ಬೀಟನ್ನು ಆರು ಮಾಡಿಕೊಳ್ಳಿ. ಬಲಗೈ 1, 3, 5ಕ್ಕೆ. ಎಡಗೈ 1, 4ಕ್ಕೆ. ಎರಡೂ ಸೇರಿದರೆ ಬರುವ ಸೊಲ್ಲು (ಬಾಯಲ್ಲಿ ಹೇಳುವ ಲಯದ ಅಕ್ಷರ): ತಾಂ-ತಕ-ತಾಂ. ಮೊದಲ ‘ತಾಂ’ ಎರಡೂ ಕೈ, ‘ತ’ ಬಲ, ‘ಕ’ ಎಡ, ಕೊನೆಯ ‘ತಾಂ’ ಬಲ. ತೊಡೆಯ ಮೇಲೆ ತಟ್ಟುತ್ತಾ ಬಾಯಲ್ಲಿ ಹೇಳಿ. ಬಾಯಿ ತಪ್ಪದಿದ್ದರೆ ಮಾತ್ರ ಪಿಯಾನೋ ಮನೆಗಳ (ಕೀಗಳ) ಮೇಲೆ ಕೈ ಇಡಿ, ಮೆಟ್ರೋನೋಮ್ 50ರಲ್ಲಿ (ನಿಮಿಷಕ್ಕೆ 50 ಬೀಟ್).

ವೇಗ ಹೆಚ್ಚಿಸಿದಾಗ ಕೆಡುವುದು ‘ಕ’. ಅದು ಜಾರಿ ಬಲಗೈಯ ಮೂರನೇ ಸ್ವರಕ್ಕೆ ಅಂಟಿಕೊಳ್ಳುತ್ತೆ, ತಿಸ್ರ (ಮೂರರ ನಡೆ) ಕುಂಟುತ್ತೆ. ಆಗ ಎಡಗೈ ಜೋರಾಗಿ, ಬಲಗೈ ಮೆಲ್ಲಗೆ ನುಡಿಸಿ. ಆಮೇಲೆ ಅದಲು ಬದಲು. ಎರಡೂ ರೀತಿ ಸ್ಥಿರವಾದ ಮೇಲೆ ನಾಲ್ಕು ನಾಲ್ಕು ಏರಿಸಿ. ಹೊಂದಿದ ಮೇಲೆ ಆರು ಎಣಿಸುವುದನ್ನು ಬಿಟ್ಟುಬಿಡಿ, ಇಲ್ಲವಾದರೆ ಸಂಗೀತ ಕೊನೆವರೆಗೂ ಗಣಿತವಾಗಿಯೇ ಕೇಳುತ್ತೆ.

ಪೆಡಲ್: ಕೆಳಗಿನ ಉದ್ದ ಸ್ವರ ಬದಲಾದಾಗ, ಅದನ್ನು ಒತ್ತಿದ *ನಂತರ* ಬದಲಿಸಿ. ಮೊದಲೇ ಎತ್ತಿದರೆ ನಡುವೆ ಖಾಲಿ ಬಿಡುತ್ತೆ, ತಡವಾದರೆ ಹಳೆಯ ಕಾರ್ಡ್ ಹೊಸದರಲ್ಲಿ ಕಲಸಿಹೋಗುತ್ತೆ. ಈ ಕೃತಿಯಲ್ಲಿ ನಾಲ್ಕು ಬಾರ್‌ಗಳ ಮೂರು ಗುಂಪುಗಳೇ ಮತ್ತೆ ಮತ್ತೆ ಬರುವುದು, ಆದ್ದರಿಂದ ಕಲೆಸಿದ್ದು ಎದ್ದು ಕಾಣುತ್ತೆ. ಮುಂಗೈ ಬಿಗಿಯಾದರೆ ನಿಲ್ಲಿಸಿ. ಬೆರಳನ್ನು ಅತಿಯಾಗಿ ಎತ್ತುವುದೇ ಸಾಮಾನ್ಯ ಕಾರಣ. ಮನೆಗೆ ತಾಗಿಕೊಂಡೇ ಇರಲಿ.

ಶ್ರುತಿಪೆಟ್ಟಿಗೆ:
ತಾಂ-ತಕ-ತಾಂ ಕೂತಿತು, ಧನ್ಯವಾದ! ಕೊನೆಯಲ್ಲಿ ನಿಧಾನ ಮಾಡಬೇಕೇ? ಮುಂದೆ ನೇರವಾಗಿ ಗ್ಲಾಸ್ ಅವರ ಎಟ್ಯೂಡ್‌ಗಳಿಗೆ (ಅಭ್ಯಾಸಕ್ಕೆಂದು ಬರೆದ ಪಿಯಾನೋ ಕೃತಿಗಳು) ಹೋಗಬಹುದೇ?

ಕರಿಮನೆ_ಬಿಳಿಮನೆ:
ನಿಧಾನ ಬೇಡ. ಆಲ್ಬಂನಲ್ಲಿ ಅದು ಮುಕ್ತಾಯವಿಲ್ಲದೆ ನೇರ ಮುಂದಿನ ಕೃತಿ ‘ಫ್ಲೋ’ಗೆ ಸೇರುತ್ತೆ, ಆ ತೆರೆದ ಕೊನೆಯೇ ಚೆಂದ. ಎಟ್ಯೂಡ್‌ಗೆ ಮೊದಲು 1988ರ ‘ಮೆಟಮಾರ್ಫಸಿಸ್’ನ ಐದರಲ್ಲಿ ಒಂದೆರಡನ್ನು ಮುಗಿಸಿ.

ಲಯಬಂಧು:
ಎಟ್ಯೂಡ್‌ಗಳು ಒಟ್ಟು 20. ಮೊದಲ ಹತ್ತನ್ನು ಅವರು ಬರೆದದ್ದರ ಒಂದು ಉದ್ದೇಶ ತಮ್ಮದೇ ಪಿಯಾನೋ ಕೈಚಳಕವನ್ನು ಸುಧಾರಿಸಿಕೊಳ್ಳುವುದು. ತಮ್ಮ ಒಪೆರಾ ‘ಐನ್‌ಸ್ಟೈನ್ ಆನ್ ದ ಬೀಚ್’ 1976ರಲ್ಲಿ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಒಪೆರಾ ಭವನದಲ್ಲಿ ತುಂಬಿದ ಸಭೆಗೆ ನಡೆದ ಮೇಲೂ ಸಾಲ ತೀರದೆ ಟ್ಯಾಕ್ಸಿ ಓಡಿಸಿದವರು, ಐವತ್ತು ದಾಟಿದ ಮೇಲೆ ಹೀಗೆ ಸಾಧನೆಗೆ ಕೂತರು. ಮೊದಲ ಹತ್ತನ್ನು ಅವರೇ ನುಡಿಸಿದ ಧ್ವನಿಮುದ್ರಣ 2003ರದು. ಇಪ್ಪತ್ತೂ ಬೇಕೆಂದರೆ ಪಿಯಾನೋ ವಾದಕಿ ಮಾಕಿ ನಮೆಕಾವಾ ಅವರದು. ಸ್ವರಲಿಪಿ ಎದುರಿಗಿಟ್ಟುಕೊಂಡು ಎರಡನ್ನೂ ಕೇಳಿ. ಗ್ಲಾಸ್ ಲಯವನ್ನು ಸಾಕಷ್ಟು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಾರೆ, ಯಂತ್ರದಂತೆ ನುಡಿಸಬೇಕು ಅನ್ನುವವರಿಗೆ ಅದೇ ಉತ್ತರ.