ಗರಡಿ ಕುಸ್ತಿಯ ಪಟ್ಟುಗಳನ್ನು ವಿಡಿಯೊದಿಂದ 3ಡಿಗೆ ತರುವುದು ಹೇಗೆ?

ಕೆಮ್ಮಣ್ಣು: ಮೈಸೂರಿನ ಗರಡಿಗಳ ಪಟ್ಟುಗಳನ್ನು 3ಡಿ ಚಲನೆಯಾಗಿ ದಾಖಲಿಸಬೇಕಿದೆ. ಮಟ್ಟಿಯ ಮಣ್ಣು, ಬೆವರಿನಲ್ಲಿ ಮೈಗೆ ಮಾರ್ಕರ್ (ಚಲನೆ ಅಳೆಯಲು ಅಂಟಿಸುವ ಗುರುತು) ನಿಲ್ಲದು. ಎರಡು ಫೋನ್‌ಗಳ ವಿಡಿಯೊವನ್ನು ಮೀಡಿಯಾಪೈಪ್‌ಗೆ (ವಿಡಿಯೊದಲ್ಲಿ ಮೈಯ ಕೀಲುಗಳನ್ನು ಬಿಂದುಗಳಾಗಿ ಗುರುತಿಸುವ ತಂತ್ರಾಂಶ) ಕೊಟ್ಟರೆ, ಜೋಡಿ ದೂರ ನಿಂತಿರುವ ತನಕ ಸರಿ. ಕೈ ಬೆಸೆದ ಕೂಡಲೇ ಒಬ್ಬನ ಕಾಲು ಇನ್ನೊಬ್ಬನ ಸೊಂಟಕ್ಕೆ ಅಂಟಿಕೊಳ್ಳುತ್ತದೆ. ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಒಗೆಯುವ ಧೋಬಿ ಪಛಾಡ್ ಅಂತೂ ಪೂರ್ತಿ ಗೋಜಲು. ಹಳೆಯ ವಿಎಚ್‌ಎಸ್ ಟೇಪುಗಳೂ ಇವೆ.

ಚೌಕಟ್ಟು: ಎರಡು ಕ್ಯಾಮೆರಾ ಸಾಲದು. ಒಬ್ಬನೇ ಸಾಮು ಮಾಡುವಾಗ ನಾಲ್ಕು ಸಾಕು, ಜೋಡಿಗೆ ಆರರಿಂದ ಎಂಟು ಬೇಕು, ಅವುಗಳಲ್ಲಿ ಎರಡಾದರೂ ಎತ್ತರದಿಂದ ಕೆಳಕ್ಕೆ ನೋಡುವಂತಿರಲಿ. ಗರಡಿಯೊಳಗೆ ಬೆಳಕು ಕಡಿಮೆ. ಶಟರ್ 1/500 ಸೆಕೆಂಡಿಗಿಂತ ನಿಧಾನವಾದರೆ ಎಸೆತದಲ್ಲಿ ಕೈ ಮಸುಕಾಗುತ್ತದೆ. ಹಾಗಾಗಿ ದೀಪ ಹಾಕಿ. ಫೋನಿನ ಸ್ಟೆಬಿಲೈಸೇಶನ್ ಆಫ್ ಮಾಡಿ, ಫೋಕಸ್ ಲಾಕ್ ಮಾಡಿ. ಇಲ್ಲವಾದರೆ ಕ್ಯಾಲಿಬ್ರೇಶನ್ (ಪ್ರತಿ ಕ್ಯಾಮೆರಾದ ಲೆನ್ಸ್, ಸ್ಥಾನಗಳ ಲೆಕ್ಕ) ಮಾಡಿದ್ದೇ ದಂಡ. ಈ ಲೆಕ್ಕಕ್ಕೆ ಕ್ಯಾಮೆರಾಗಳಿಗೆ ತೋರಿಸುವ ಚದುರಂಗದ ಮನೆಗಳ ಹಾಳೆಯನ್ನು ಬಾಗದ ಹಲಗೆಗೆ ಅಂಟಿಸಿ. ಹಾಳೆ ಸ್ವಲ್ಪ ಉಬ್ಬಿದರೂ ಲೆಕ್ಕ ತಪ್ಪುತ್ತದೆ.

ಫೋನುಗಳ ಫ್ರೇಮ್ ದರ ಏರುಪೇರಾಗುತ್ತದೆ, ಮೊದಲು ಸ್ಥಿರ ದರಕ್ಕೆ ಬದಲಿಸಿ. ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಎಲ್‌ಇಡಿಯೊಂದನ್ನು ಮಿನುಗಿಸಿ ಹೊಂದಿಸಿಕೊಳ್ಳಿ. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ಹಿಂದುಮುಂದಾದರೆ, ಸೆಕೆಂಡಿಗೆ 5 ಮೀಟರ್ ವೇಗದ ಕೈ 8 ಸೆಂ.ಮೀ. ಆಚೆ ಕಾಣುತ್ತದೆ.

ಲಂಗೋಟಿ_ಲಾಗ್: ಗೋಜಲಿಗೆ ಇನ್ನೊಂದು ಕಾರಣ ಬಣ್ಣ. ಇಬ್ಬರ ಮೈಯೂ ಒಂದೇ ಕೆಂಪು. ಬೇರೆ ಬೇರೆ ಬಣ್ಣದ ಲಂಗೋಟಿ, ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಿಸಿ. ಮೊದಲು ಸ್ಯಾಮ್ 2ರಲ್ಲಿ (ವಿಡಿಯೊದಲ್ಲಿ ಒಂದೊಂದು ಆಕಾರವನ್ನೂ ಬೇರ್ಪಡಿಸುವ ಎಐ ಮಾದರಿ) ಒಬ್ಬೊಬ್ಬನನ್ನೂ ಬೇರೆ ಮಾಸ್ಕ್ ಆಗಿ ಬಿಡಿಸಿ, ಆಮೇಲೆ ಭಂಗಿ ಗುರುತಿಸಿ.

ಧೋಬಿ ಪಛಾಡ್‌ನಲ್ಲಿ ಎದುರಾಳಿ ತಲೆಕೆಳಗಾಗುತ್ತಾನೆ. ಭಂಗಿ ಗುರುತಿಸುವ ಮಾದರಿಗಳು ಕಲಿತಿರುವುದು ಹೆಚ್ಚಾಗಿ ನೆಟ್ಟಗೆ ನಿಂತವರನ್ನು ನೋಡಿ. ಅಷ್ಟು ಫ್ರೇಮುಗಳನ್ನು ಮಾತ್ರ 180 ಡಿಗ್ರಿ ತಿರುಗಿಸಿ ಓಡಿಸಿ, ಸಿಕ್ಕ ಬಿಂದುಗಳನ್ನು ವಾಪಸ್ ತಿರುಗಿಸಿ. ಕೊನೆಗೆ ನಯಗೊಳಿಸುವಾಗ 6 ಹರ್ಟ್ಸ್ ಫಿಲ್ಟರ್ (ಅದಕ್ಕಿಂತ ಚುರುಕಾದ ಅಲುಗಾಟವನ್ನು ತಗ್ಗಿಸುವ ಸೋಸಣಿಗೆ) ಹಾಕಬೇಡಿ, ಎಸೆತದ ಝಟ್ಕಾನೇ ಕರಗಿಹೋಗುತ್ತದೆ. 10–12 ಇಟ್ಟು ನೋಡಿ.

ಇನ್ನೊಂದು: ಮೈಯಲ್ಲಿ 17 ಬಿಂದುಗಳನ್ನಷ್ಟೇ ಗುರುತಿಸುವ ಮಾದರಿ ಮಣಿಕಟ್ಟಿಗೇ ನಿಲ್ಲುತ್ತದೆ. ಪಟ್ಟಿನ ಗುಟ್ಟು ಇರುವುದು ಬೆರಳ ಹಿಡಿತದಲ್ಲಲ್ಲವೇ? ಬೆರಳುಗಳೂ ಸೇರಿದ 133 ಬಿಂದುಗಳ ಮಾದರಿ ಬಳಸಿ. ಅದಕ್ಕೂ ಕಾಣದ ಹಿಡಿತವನ್ನು ಉಸ್ತಾದರಿಂದ ನಿಧಾನವಾಗಿ ಮಾಡಿಸಿ, ಹತ್ತಿರದಿಂದ ಬೇರೆಯಾಗಿ ಚಿತ್ರೀಕರಿಸಿ.

ಕೆಮ್ಮಣ್ಣು: ಟೇಪುಗಳ ಕತೆ?

ಚೌಕಟ್ಟು: ಪ್ಯಾಲ್ (ಭಾರತದ ಹಳೆಯ ಟಿವಿ ಮಾನಕ) ಟೇಪಿನಲ್ಲಿ ಸೆಕೆಂಡಿಗೆ 25 ಫ್ರೇಮ್ ಎನ್ನುತ್ತಾರೆ, ಆದರೆ ಒಳಗಿರುವುದು 50 ಫೀಲ್ಡ್, ಅಂದರೆ ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರಗಳು. ಸರಿಯಾಗಿ ಡಿಇಂಟರ್‌ಲೇಸ್ ಮಾಡಿದರೆ (ಪ್ರತಿ ಫೀಲ್ಡನ್ನೂ ಪೂರ್ಣ ಫ್ರೇಮ್ ಆಗಿಸಿದರೆ) 50 ಎಫ್‌ಪಿಎಸ್ ಸಿಗುತ್ತದೆ. ಅನೇಕರು ಅರ್ಧ ಚಲನೆಯನ್ನು ಇಲ್ಲೇ ಕಳೆದುಕೊಳ್ಳುತ್ತಾರೆ. ಎಐ ಅಪ್‌ಸ್ಕೇಲ್ ಬೇಡವೇ ಬೇಡ, ಇಲ್ಲದ ಬೆರಳು ಹುಟ್ಟಿಸುತ್ತದೆ. ಒಂದೇ ಕ್ಯಾಮೆರಾದಿಂದ ಸಿಗುವ ಆಳ ಬರೀ ಊಹೆ, ಆದ್ದರಿಂದ ಟೇಪಿನ ಚಲನೆಯನ್ನು 2ಡಿಯಾಗಿಯೇ ಇಡಿ. ಮೂಲ ವಿಡಿಯೊ, ಕ್ಯಾಲಿಬ್ರೇಶನ್ ಕಡತ ಎರಡನ್ನೂ ಅಳಿಸಬೇಡಿ. ಮುಂದೆ ಒಳ್ಳೆಯ ಮಾದರಿ ಬಂದಾಗ ಮತ್ತೆ ಓಡಿಸಬೇಕಾಗುವುದು ಅವುಗಳ ಮೇಲೆಯೇ.